ಶಿಕ್ಷಕರು ಆಯಾಗಳಲ್ಲ ಎಂದವರಿಗೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಪ್ರಕಟವಾದ ಪತ್ರವೊಂದನ್ನು ನಾನು ಎರಡು ಸಲ ಓದಿದೆ. ಶಾಲೆಗಳಿಂದ ಬೆತ್ತ ಮಾಯವಾದ ಮೇಲೆ ಮಕ್ಕಳು ಕೈಮೀರಿ ಹೋಗಿದ್ದಾರೆ, ಮನಸ್ಸು ಸರಿಯಿಲ್ಲ ಎಂಬ ನೆವದಲ್ಲಿ ಶಿಸ್ತನ್ನೇ ಗಾಳಿಗೆ ತೂರಲಾಗಿದೆ, ಶಿಕ್ಷಕರು ಗುರುಗಳೇ ಹೊರತು ಆಯಾಗಳಲ್ಲ ಎಂಬುದು ಆ ಪತ್ರದ ತಿರುಳು. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ 31 ವರ್ಷ ಕಲಿಸಿ ಈಗ ಡೊಂಬಿವಲಿಯಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ನನಗೆ ಆ ಪತ್ರದ ಸಿಟ್ಟು ಅರ್ಥವಾಗುತ್ತದೆ. ಐವತ್ತು ಮಕ್ಕಳ ನಡುವೆ ಒಬ್ಬನು ಬೆಂಚನ್ನು ಒದೆಯುತ್ತಲೇ ಇದ್ದರೆ ಉಳಿದ ನಲವತ್ತೊಂಬತ್ತು ಮಕ್ಕಳ ಪಾಠ ಕೆಡುತ್ತದೆ ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆದರೆ 'ಆಯಾ' ಎಂಬ ಮಾತನ್ನು ಅವರು ಕೀಳಾಗಿ ಬಳಸಿದ್ದು ನನ್ನ ಮನಸ್ಸಿಗೆ ಚುಚ್ಚಿತು. ಏಕೆಂದರೆ ನೊಂದ ಮಗುವನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪಾಠ ನನಗೆ ಬಿ.ಎಡ್. ಕಾಲೇಜಿನಲ್ಲಿ ಸಿಕ್ಕಿರಲಿಲ್ಲ, ಅದನ್ನು ಕಲಿಸಿದವರು ನಮ್ಮ ಶಾಲೆಯ ಆಯಾ. ಮುಂಬಯಿಯ ಅನೇಕ ಶಾಲೆಗಳಲ್ಲಿ ಇರುವಂತೆ ನಮ್ಮಲ್ಲಿಯೂ ಎಲ್ಲರೂ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಮೇಜಿನ ಮೇಲೂ ಒಂದು ಕಟ್ಟಿಗೆಯ ಫೂಟ್‌ಪಟ್ಟಿ ಇತ್ತು. ಅದರಿಂದ ಗೆರೆ ಎಳೆದದ್ದು ಕಡಿಮೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮರುವರ್ಷ ಏಪ್ರಿಲ್ 1ರಿಂದ ಜಾರಿಗೆ ಬಂದು, ಅದರ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಗೊಣಗಾಟ ಎದ್ದಿತ್ತು, ಅದರಲ್ಲಿ ನನ್ನ ದನಿಯೂ ಸೇರಿತ್ತು. ಫೂಟ್‌ಪಟ್ಟಿ ಕಪಾಟಿಗೆ ಹೋಯಿತು, ಆದರೆ ಅದರ ಜಾಗಕ್ಕೆ ಏನು ಬರಬೇಕು ಎಂದು ಯಾರೂ ಹೇಳಲಿಲ್ಲ. ನಾನು ಹೊಡೆಯುವ ಬದಲು ಹೊರಗೆ ನಿಲ್ಲಿಸತೊಡಗಿದೆ. ಕಾಯ್ದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದೆ ಎಂಬುದು ನನಗೆ ಹೊಳೆದದ್ದು ತಡವಾಗಿ.

ಹಾಗೆ ಹೊರಗೆ ನಿಂತವರಲ್ಲಿ ಆರನೆಯ ತರಗತಿಯ ಒಬ್ಬ ಹುಡುಗನಿದ್ದ. ಯಾದಗಿರಿ ಕಡೆಯವರು. ತಂದೆ ನಾಕಾದಲ್ಲಿ ನಿಂತು ದಿನಗೂಲಿ ಹಿಡಿಯುತ್ತಿದ್ದವನು ಕಟ್ಟಡವೊಂದರ ಸಾರವೆಯಿಂದ ಬಿದ್ದು ತೀರಿಕೊಂಡ. ಹೆಣವನ್ನು ಊರಿಗೆ ಒಯ್ದು, ಮಣ್ಣು ಮಾಡಿ, ಮೂರು ವಾರಗಳ ಮೇಲೆ ತಾಯಿ ಮಕ್ಕಳು ಅದೇ ಖೋಲಿಗೆ ಮರಳಿ ಬಂದರು. ಊರಿನಲ್ಲಿ ಅವರಿಗೆ ಕೂಲಿ ಇರಲಿಲ್ಲ, ಸಾಲ ಮಾತ್ರ ಇತ್ತು. ಅಲ್ಲಿಯವರೆಗೆ ತನ್ನ ಪಾಡಿಗೆ ತಾನಿದ್ದ ಹುಡುಗ ಬೇರೆಯವರ ನೋಟ್‌ಬುಕ್ಕುಗಳನ್ನು ಹರಿಯತೊಡಗಿದ, ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಳ್ಳತೊಡಗಿದ, ಒಂದು ದಿನ ಕಿಟಕಿಯ ಗಾಜನ್ನೂ ಒಡೆದ. ತಂದೆ ಸತ್ತ ಸುದ್ದಿ ನನಗೆ ಗೊತ್ತಿರಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾರೆ. ಗೊತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವನ ರಜೆಯ ಕಾರಣವನ್ನು ಬರೆದದ್ದೇ ನಾನು. ಆದರೂ ಒಡೆದ ಗಾಜು ನನಗೆ ಕಂಡಷ್ಟು ಆ ಸಾವು ಕಾಣಲಿಲ್ಲ.

ಒಂದು ವಾರ ಕಳೆದ ಮೇಲೆ ನೋಡಿದರೆ ಶಿಕ್ಷೆಗೆಂದು ನಿಲ್ಲಿಸಿದ ಹುಡುಗ ವರಾಂಡದಲ್ಲಿ ಇರಲಿಲ್ಲ. ಮೌಶಿಯ ಜೊತೆಗೆ ಕುಡಿಯುವ ನೀರಿನ ಡ್ರಮ್ಮು ತುಂಬಿಸುತ್ತಿದ್ದ. ಮಧ್ಯಾಹ್ನ ಖಿಚಡಿಯ ಪಾತ್ರೆ ಬಂದಾಗ ಸೌಟು ಹಿಡಿದು ಸಣ್ಣ ತರಗತಿಯ ಮಕ್ಕಳಿಗೆ ಬಡಿಸುತ್ತಿದ್ದ, ಅದೂ ಯಾರಿಗೂ ಹೆಚ್ಚು ಕಡಿಮೆ ಆಗದಂತೆ ಬಹಳ ಎಚ್ಚರದಿಂದ. ಶಿಕ್ಷೆ ಕೊಟ್ಟವನನ್ನು ನೀವು ಹೀಗೆ ಕೆಲಸಕ್ಕೆ ಹಚ್ಚಿಕೊಂಡರೆ ಹೇಗೆ ಎಂದು ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ. ಆಕೆ ಮರಾಠಿಯಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ: "ಟೀಚರ್, ಅವನು ಬೆಳಿಗ್ಗೆ ಏನೂ ತಿನ್ನದೆ ಬರುತ್ತಾನೆ. ಅವನ ತಾಯಿ ಐದು ಗಂಟೆಗೇ ಮನೆಗೆಲಸಕ್ಕೆ ಹೊರಡುತ್ತಾಳೆ. ಮೊದಲು ಅಪ್ಪನೇ ಚಹಾ ಮಾಡಿ ಕೊಡುತ್ತಿದ್ದನಂತೆ." ಅಷ್ಟು ಹೇಳಿ ಆಕೆ ಪೊರಕೆ ಎತ್ತಿಕೊಂಡು ಹೋದರು. ಒಂದು ವಾರದಲ್ಲಿ ಆಕೆ ತಿಳಿದುಕೊಂಡದ್ದನ್ನು ನಾನು ಎರಡು ತಿಂಗಳಾದರೂ ತಿಳಿದುಕೊಂಡಿರಲಿಲ್ಲ. ಏಕೆಂದರೆ ಆಕೆ ಅವನನ್ನು ತಿದ್ದಲು ಹೋಗಿರಲಿಲ್ಲ, ಹಸಿದಿದ್ದೀಯಾ ಎಂದು ಕೇಳಿದ್ದರು.

ಮರುದಿನದಿಂದ ನಾನು ಒಂದು ಲೋಕಲ್ ಮುಂಚೆ ಹಿಡಿದು ಬರತೊಡಗಿದೆ. ಸ್ಟಾಫ್ ರೂಮಿನಲ್ಲಿ ಎರಡು ಲೋಟ ಚಹಾ, ಒಂದೊಂದು ಪಾವ್. ಅವನು ಕುಡಿಯುತ್ತಿದ್ದ, ನಾನು ಹೋಮ್‌ವರ್ಕ್ ತಿದ್ದುತ್ತಿದ್ದೆ. ಸುಮಾರು ಎರಡು ತಿಂಗಳು ನಮ್ಮ ನಡುವೆ ಹೇಳಿಕೊಳ್ಳುವಂಥ ಮಾತೇ ಆಗಲಿಲ್ಲ. ಇದು ನನಗೆ ಕಷ್ಟವಾಗಿತ್ತು, ಶಿಕ್ಷಕರಿಗೆ ಸುಮ್ಮನೆ ಕೂರುವ ಅಭ್ಯಾಸವಿರುವುದಿಲ್ಲ. ಒಂದು ದಿನ ಅವನಾಗಿಯೇ ಕೇಳಿದ: "ಅಕ್ಕೋರೆ, ಸಾರವಿ ಕಟ್ಟೋ ಹಗ್ಗ ಎಷ್ಟು ಭಾರ ತಡೀತದ್ರೀ?" ನನಗೆ ಗೊತ್ತಿಲ್ಲವೆಂದೆ. ಗೊತ್ತಿಲ್ಲವೆಂದದ್ದೇ ಒಳ್ಳೆಯದಾಯಿತೋ ಏನೋ, ಆಮೇಲೆ ಅವನೇ ಬಿದಿರಿನ ಬಗ್ಗೆ, ಹಗ್ಗದ ಗಂಟಿನ ಬಗ್ಗೆ, ಗಂಟು ಹಾಕುವುದನ್ನು ಅಪ್ಪ ಕಲಿಸಿದ್ದರ ಬಗ್ಗೆ ಹೇಳುತ್ತಾ ಹೋದ. ಗಂಟೆ ಹೊಡೆದರೂ ನಾನು ಏಳಲಿಲ್ಲ. ಆ ದಿನ ನನ್ನ ಮೊದಲ ಪೀರಿಯಡ್ಡನ್ನು ನಮ್ಮ ಮುಖ್ಯೋಪಾಧ್ಯಾಯರು ತೆಗೆದುಕೊಂಡರು. ಬಾಗಿಲಲ್ಲಿ ಒಮ್ಮೆ ಇಣುಕಿ, ಒಂದು ಮಾತೂ ಆಡದೆ, ಚಾಕ್‌ಪೀಸ್ ಹಿಡಿದುಕೊಂಡು ನನ್ನ ತರಗತಿಗೆ ನಡೆದರು. ಈ ಸಂಗತಿಗೆ ಮುಂದೆ ಮರಳುತ್ತೇನೆ.

ಆ ಹುಡುಗ ಮುಂದೆ ಮೊದಲ ರ‍್ಯಾಂಕ್ ಬಂದ ಎಂದು ಬರೆಯುವ ಆಸೆ ನನಗೂ ಇದೆ, ಆದರೆ ಹಾಗೇನೂ ಆಗಲಿಲ್ಲ. ನೋಟ್‌ಬುಕ್ ಹರಿಯುವುದು ನಿಂತಿತು, ಕಚ್ಚಿಕೊಳ್ಳುವುದು ಕಡಿಮೆಯಾಯಿತು, ನಡುನಡುವೆ ಕೆಟ್ಟ ದಿನಗಳೂ ಬಂದವು. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟು ಲಾದಿ (ಟೈಲ್ಸ್) ಹಾಕುವ ಕೆಲಸಕ್ಕೆ ಸೇರಿದ. ಕೆಲವು ವರ್ಷಗಳ ಮೇಲೆ ರಾತ್ರಿ ಶಾಲೆಗೆ ಹೋಗಿ ಎಸ್.ಎಸ್.ಸಿ. ಮುಗಿಸಿದ. ಈಗ ನಾಲ್ಕು ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುತ್ತಾನೆ. ಹೆಲ್ಮೆಟ್ಟು, ಬೆಲ್ಟು ಇಲ್ಲದೆ ಅವರಲ್ಲಿ ಒಬ್ಬರನ್ನೂ ಮೇಲಕ್ಕೆ ಹತ್ತಿಸುವುದಿಲ್ಲವೆಂದು ಒಮ್ಮೆ ಫೋನಿನಲ್ಲಿ ಹೇಳಿದ.

ಸೇವೆ ಮಾಡುತ್ತಲೇ ಮುಂದಾಳಾಗುವುದು ಎಂಬ ವಿಚಾರಕ್ಕೆ ಹೊರದೇಶಗಳಲ್ಲಿ ಒಂದು ಹೆಸರೂ ಒಂದು ಚರಿತ್ರೆಯೂ ಇದೆ. ಅಮೆರಿಕದ ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪನಿಯಲ್ಲಿ ನಾಲ್ಕು ದಶಕಗಳಿಗೆ ಹತ್ತಿರ ದುಡಿದು ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್ ಎಂಬವರು 1970ರಲ್ಲಿ ಈ ಬಗ್ಗೆ ಒಂದು ಪ್ರಬಂಧ ಬರೆದರು. ಮುಂದಾಳಿಗೆ ಮೊದಲು ಬರಬೇಕಾದದ್ದು ಸೇವೆ ಮಾಡುವ ಬಯಕೆ, ಮುಂದೆ ನಿಲ್ಲುವ ಬಯಕೆ ಆಮೇಲಿನದು ಎಂಬುದು ಅವರ ವಾದ. ಅದಕ್ಕೆ ಅವರು ಒಂದು ಒರೆಗಲ್ಲನ್ನೂ ಇಟ್ಟರು: ಸೇವೆ ಪಡೆದವರು ಅದರಿಂದ ಬೆಳೆಯುತ್ತಾರೆಯೇ, ಹೆಚ್ಚು ಸ್ವತಂತ್ರರಾಗುತ್ತಾರೆಯೇ, ತಾವೂ ಇನ್ನೊಬ್ಬರಿಗೆ ನೆರವಾಗುವ ಮನಸ್ಸಿನವರಾಗುತ್ತಾರೆಯೇ? ಇದನ್ನು ನಾನು ಓದಿದ್ದು ನಿವೃತ್ತಿಯ ನಂತರ. ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಖಿಚಡಿಯ ಸೌಟು. ಮೌಶಿ ಆ ಹುಡುಗನಿಗೆ ಊಟ ಹಾಕಿ ಸುಮ್ಮನಾಗಬಹುದಿತ್ತು. ಅವನ ಕೈಗೆ ಸೌಟು ಕೊಟ್ಟು, ಇನ್ನೊಬ್ಬರಿಗೆ ಬಡಿಸುವವನನ್ನಾಗಿ ಮಾಡಿದರಲ್ಲ, ಅಲ್ಲಿ ಆಕೆ ಮರುಕವನ್ನು ದಾಟಿ ಮುಂದೆ ಹೋಗಿದ್ದರು.

ಅಷ್ಟು ದೂರ ಹೋಗುವ ಅಗತ್ಯವೂ ಮಹಾರಾಷ್ಟ್ರದಲ್ಲಿ ಬಾಳುವ ನಮಗಿಲ್ಲ. ಖಾನದೇಶದ ಅಮಳನೇರಿನ ಪ್ರೌಢಶಾಲೆಯಲ್ಲಿ 1924ರಿಂದ ಆರು ವರ್ಷ ಶಿಕ್ಷಕರಾಗಿದ್ದ ಸಾನೆ ಗುರೂಜಿ ಅಲ್ಲಿನ ವಿದ್ಯಾರ್ಥಿ ನಿಲಯದ ಮೇಲ್ವಿಚಾರಕರೂ ಆಗಿದ್ದರು. ಹುಡುಗರು ಅಸ್ತವ್ಯಸ್ತವಾಗಿ ಬಿಟ್ಟುಹೋದ ಕೋಣೆಗಳನ್ನು ಅವರು ತಾವೇ ಗುಡಿಸುತ್ತಿದ್ದರು, ಅವರ ಬಟ್ಟೆ ಒಗೆಯುತ್ತಿದ್ದರು, ಜ್ವರ ಬಂದವರ ಪಕ್ಕದಲ್ಲಿ ರಾತ್ರಿಯಿಡೀ ಕೂರುತ್ತಿದ್ದರು. ಅದನ್ನು ನೋಡಿ ನಾಚಿದ ಹುಡುಗರು ತಮ್ಮ ಕೋಣೆಯನ್ನು ತಾವೇ ಗುಡಿಸಿಕೊಳ್ಳತೊಡಗಿದರು ಎಂದು ಮರಾಠಿ ಶಿಕ್ಷಕರು ಇಂದಿಗೂ ಹೇಳುತ್ತಾರೆ. ಪುಣೆಯಲ್ಲಿ 1848ರಲ್ಲಿ ಜ್ಯೋತಿರಾವ್ ಫುಲೆಯವರೊಂದಿಗೆ ಹೆಣ್ಣುಮಕ್ಕಳ ಶಾಲೆ ಆರಂಭಿಸಿದ ಸಾವಿತ್ರಿಬಾಯಿಯವರು ದಾರಿಯಲ್ಲಿ ಸೆಗಣಿ ಎರಚಿಸಿಕೊಂಡು, ಚೀಲದಲ್ಲಿಟ್ಟಿದ್ದ ಇನ್ನೊಂದು ಸೀರೆಯುಟ್ಟು ಪಾಠಕ್ಕೆ ನಿಲ್ಲುತ್ತಿದ್ದರು. 1897ರ ಪ್ಲೇಗಿನಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ತೀರಿಕೊಂಡರು. ಶಿಕ್ಷಕರು ಆಯಾಗಳಲ್ಲ ಎಂಬ ಮಾತನ್ನು ಈ ಇಬ್ಬರ ಮುಂದೆ ಆಡಲು ನನಗಂತೂ ಬಾಯಿ ಬರುವುದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ಸೇವೆ ಎಂದರೆ ಮಗು ಕೇಳಿದ್ದಕ್ಕೆಲ್ಲ ಹೂಂಗುಟ್ಟುವುದಲ್ಲ. ಪತ್ರ ಬರೆದ ಓದುಗರಿಗೆ ಭಯವಿರುವುದು ಇದರ ಬಗ್ಗೆಯೇ ಎಂದು ನನಗನಿಸುತ್ತದೆ, ಆ ಭಯ ಸುಳ್ಳೂ ಅಲ್ಲ. ಗಾಜು ಒಡೆದವನು ಮರುದಿನ ಮೌಶಿಯ ಜೊತೆ ನಿಂತು ಆ ಕಿಟಕಿಗೆ ರಟ್ಟು ಅಂಟಿಸಿದ. ಅದಕ್ಕೆ ವಿನಾಯಿತಿ ಸಿಗಲಿಲ್ಲ. ಆದರೆ ಅವನನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಹೆಸರು ಕೂಗಲಿಲ್ಲ. ಹೆದರಿದ ಅಥವಾ ರೊಚ್ಚಿಗೆದ್ದ ಮಗುವಿನ ಮೈಯೆಲ್ಲ ಅಪಾಯ ಎದುರಿಗಿದೆ ಎಂಬಂತೆ ಸಜ್ಜಾಗಿರುತ್ತದೆ. ಎದೆ ಬಡಿದುಕೊಳ್ಳುತ್ತದೆ, ಉಸಿರು ಬಿಗಿಯುತ್ತದೆ, ಆ ಹೊತ್ತಿನಲ್ಲಿ ಬುದ್ಧಿವಾದವಾಗಲಿ ಬೈಗುಳವಾಗಲಿ ಒಳಗೆ ಇಳಿಯುವುದೇ ಇಲ್ಲ. ಆಗ ದನಿ ಏರಿಸಿದರೆ ಉರಿಯುವ ಒಲೆಗೆ ಸೌದೆ ಒಟ್ಟಿದಂತೆ. ನಾನು ತಪ್ಪು ಮಾಡಿ ಮಾಡಿ ಕಲಿತದ್ದೇನೆಂದರೆ, ಮೊದಲು ನನ್ನ ದನಿಯನ್ನು ತಗ್ಗಿಸಬೇಕು, ಎದುರಿಗೆ ನಿಲ್ಲುವುದನ್ನು ಬಿಟ್ಟು ಪಕ್ಕದಲ್ಲಿ ಕೂರಬೇಕು, 'ಯಾಕೆ ಹೀಗೆ ಮಾಡಿದೆ' ಎಂಬ ಪ್ರಶ್ನೆಯನ್ನು ನಾಲಿಗೆಯ ತುದಿಯಲ್ಲೇ ತಡೆಹಿಡಿದು ಸಂಜೆ ಇಬ್ಬರೇ ಇದ್ದಾಗ 'ಏನಾಯಿತು' ಎಂದು ಕೇಳಬೇಕು. ಯಾಕೆ ಎಂಬುದಕ್ಕೆ ಮಗುವಿಗೇ ಉತ್ತರ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನೆ ಇದ್ದಂತೆಯೇ ಇಂದೂ ಇರಬೇಕು. ಮನೆಯಲ್ಲಿ ನಾಳೆ ಏನಾಗುವುದೋ ಎಂಬ ಭರವಸೆಯೇ ಇಲ್ಲದ ಮಗುವಿಗೆ ಪ್ರತಿದಿನ ಅದೇ ಹೊತ್ತಿಗೆ ಅದೇ ಮುಖ ಬಾಗಿಲಲ್ಲಿ ಕಾಣುವುದು ದೊಡ್ಡ ಆಸರೆ. ಒಂದು ದಿನ ಮುದ್ದು, ಮರುದಿನ ಸಿಡುಕು ಎಂಬ ಶಿಕ್ಷಕರಿಗಿಂತ ಎಂದೂ ನಗದ, ಆದರೆ ಎಂದೂ ಬದಲಾಗದ ಶಿಕ್ಷಕರೇ ಇಂಥ ಮಕ್ಕಳಿಗೆ ಹೆಚ್ಚು ಹತ್ತಿರವಾದದ್ದನ್ನು ನಾನು ಕಂಡಿದ್ದೇನೆ.

ಸೇವೆಗೆ ಇನ್ನೊಂದು ಗಡಿಯೂ ಉಂಟು. 'ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿ ಟೀಚರ್' ಎಂದು ಮಗು ಕೈಹಿಡಿದಾಗ ಆಣೆ ಮಾಡಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ, ನಡೆಯಬಹುದೆಂಬ ಶಂಕೆ ಬಂದರೂ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆಯ 19ನೆಯ ಸೆಕ್ಷನ್ ಹೇಳುತ್ತದೆ, ತಿಳಿಸದೆ ಮುಚ್ಚಿಟ್ಟರೆ ಶಿಕ್ಷೆಯೂ ಇದೆ. ಸಾಯುವ ಮಾತನ್ನು ಮಗು ಆಡಿದಾಗಲೂ ಅಷ್ಟೇ, ಅದನ್ನು ಶಿಕ್ಷಕಿ ಒಬ್ಬಳೇ ಹೊತ್ತುಕೊಂಡು ತಿರುಗುವುದು ಮಗುವಿಗೂ ಅಪಾಯ, ಆಕೆಗೂ ಅಪಾಯ. 'ನಿನ್ನನ್ನು ಕಾಪಾಡಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ' ಎಂಬಷ್ಟೇ ಮಾತು ಕೊಡಬಹುದು, ಕೊಟ್ಟ ಮೇಲೆ ಅದನ್ನು ನಡೆಸಬೇಕು.

ಗಲಾಟೆ ಮಾಡುವ ಮಗುವಿನ ಬಗ್ಗೆ ಇಷ್ಟು ಬರೆದೆ. ನನ್ನನ್ನು ಈಗಲೂ ರಾತ್ರಿ ಎಬ್ಬಿಸುವುದು ಗಲಾಟೆ ಮಾಡದ ಒಂದು ಮಗು. ಎಂಟನೆಯ ತರಗತಿಯಲ್ಲಿದ್ದ ಆ ಹುಡುಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಕ್ಷರ ದುಂಡಗಿತ್ತು. ಎರಡು ವರ್ಷವೂ ಪ್ರಗತಿ ಪತ್ರದಲ್ಲಿ 'ಉತ್ತಮ ನಡತೆ' ಎಂದು ಬರೆದೆ. ತಿಂಗಳಿಗೆ ನಾಲ್ಕೈದು ಸಲ ಹೊಟ್ಟೆನೋವೆಂದು ಮನೆಗೆ ಹೋಗುತ್ತಿದ್ದಳು, ನಾನು ಓಂಕಾಳಿನ ನೀರು ಕೊಟ್ಟು ಕಳಿಸುತ್ತಿದ್ದೆ. ಯುಗಾದಿಗೆಂದು ಊರಿಗೆ ಹೋದವಳು ಮರಳಲಿಲ್ಲ. ಮದುವೆ ಮಾಡಿದರು ಎಂದು ಬಹಳ ದಿನಗಳ ಮೇಲೆ ಅವಳ ಗೆಳತಿಯಿಂದ ತಿಳಿಯಿತು. ಆ ಮನೆಯಲ್ಲಿ ಎರಡು ವರ್ಷದಿಂದ ಅದೇ ಮಾತು ನಡೆಯುತ್ತಿತ್ತಂತೆ. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಮೂವರು. ಆ ಮೂವರಲ್ಲಿ ಬೆಂಚು ಒದೆಯುವವನು ಒಬ್ಬನಿರಬಹುದು, ಉಳಿದವರು 'ಉತ್ತಮ ನಡತೆ'ಯ ಮಕ್ಕಳೂ ಆಗಿರಬಹುದು. ಬೆತ್ತದ ಚರ್ಚೆಯಲ್ಲಿ ಈ ಮಕ್ಕಳು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ನಮ್ಮ ಕನ್ನಡ ಶಾಲೆಗಳಿಗೇ ವಿಶೇಷವಾದ ಒಂದು ತೊಡಕು. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂಬುದು ನಮಗೆ ಹೆಮ್ಮೆಯ ಮಾತು. ಆದರೆ ಆಪ್ತಸಮಾಲೋಚಕರು ಅಂತ ಯಾರಾದರೂ ಬಂದರೆ ಅವರ ಮಾತು ಮರಾಠಿ, ಹಿಂದಿ ಅಥವಾ ಇಂಗ್ಲಿಷ್. ನಮ್ಮ ಮಕ್ಕಳಿಗೆ ಹಿಂದಿ ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ, ಕ್ರಿಕೆಟ್ ಆಡಲು, ವಡಾಪಾವ್ ಕೊಳ್ಳಲು, ಜಗಳವಾಡಲು ಧಾರಾಳವಾಗಿ ಬರುತ್ತದೆ. ಆದರೆ 'ಎದಿ ಧಸಕ್ ಅಂತದ', 'ಅಪ್ಪ ಕುಡುದು ಬಂದ್ರ ನಾ ಮೋರಿ ಕಡೆ ಹೋಗಿ ಕುಂದರ್ತೀನಿ' ಎಂಬುದನ್ನು ಮಗು ಹಿಂದಿಯಲ್ಲಿ ಹೇಳುವುದಿಲ್ಲ, 'ಕುಛ್ ನಹೀ' ಎಂದು ಮುಗಿಸಿಬಿಡುತ್ತದೆ. ಒಮ್ಮೆ ಹಾಗೆ ಬಂದಿದ್ದ ಸಮಾಲೋಚಕಿ ತಮ್ಮ ಹಾಳೆಯಲ್ಲಿ 'ಸಮಸ್ಯೆ ಇಲ್ಲ' ಎಂದು ಬರೆದುಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. ಅವರನ್ನು ದೂರುತ್ತಿಲ್ಲ, ಅವರಿಗೆ ಕೇಳಿಸಿದ್ದನ್ನು ಅವರು ಬರೆದರು. ಕರಾವಳಿಯ ಮಗುವಿನ ತುಳು ಕಲಿಯಲು ನನಗೇ ಹತ್ತು ವರ್ಷ ಹಿಡಿಯಿತು, ಮಗು ಅತ್ತುಕೊಂಡು ಹೇಳುವ ತುಳು ಇಂದಿಗೂ ಪೂರ್ತಿ ಅರ್ಥವಾಗುವುದಿಲ್ಲ.

ಮಕ್ಕಳ ಮನಸ್ಸಿಗೂ ಚಿಕಿತ್ಸೆಯ ಅಗತ್ಯ ಬರಬಹುದು ಎಂಬ ಅರಿವು ಈ ನಗರಕ್ಕೆ ಹೊಸದೇನೂ ಅಲ್ಲ. ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂದು ಹೆಸರಾಗಿರುವ ವಿದ್ಯಾಸಂಸ್ಥೆ 1937ರಷ್ಟು ಹಿಂದೆಯೇ ಮುಂಬಯಿಯಲ್ಲಿ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ತೆರೆದಿತ್ತು. ಅಷ್ಟು ವರ್ಷಗಳ ಮೇಲೆ, 2025ರ ಜುಲೈ 25ರಂದು ಸುಪ್ರೀಂ ಕೋರ್ಟು ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ತೀರ್ಪು ಕೊಡುತ್ತಾ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಅರ್ಹತೆಯುಳ್ಳ ಒಬ್ಬ ಸಮಾಲೋಚಕರನ್ನಾದರೂ ನೇಮಿಸಿಕೊಳ್ಳಬೇಕು, ಬೋಧಕರಿಗೂ ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಕೊಡಬೇಕು ಎಂದು ನಿರ್ದೇಶಿಸಿತು. ಬೋಧಕೇತರ ಎಂಬ ಆ ಮಾತನ್ನು ಓದಿದಾಗ ನನಗೆ ನಮ್ಮ ಮೌಶಿಯ ನೆನಪಾಗಿ ನಗು ಬಂತು. ಆಕೆಗೆ ತರಬೇತಿ ಕೊಡುವವರು ಆಕೆಯಿಂದ ಸ್ವಲ್ಪ ಕಲಿತೇ ಹೋಗುತ್ತಿದ್ದರು. ಅದೇನೇ ಇರಲಿ, ಮಕ್ಕಳ ಸಂಖ್ಯೆ ನೂರಕ್ಕಿಂತ ಕಡಿಮೆಯಾದ ಶಾಲೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಂಡರೆ ಸಾಕು ಎಂದೂ ಆ ತೀರ್ಪಿನಲ್ಲಿದೆ. ನಮ್ಮ ಕನ್ನಡ ಶಾಲೆಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತಿರುವುದು ಈ ಪತ್ರಿಕೆಯ ಓದುಗರಿಗೆ ಹೊಸ ಸುದ್ದಿಯಲ್ಲ. ಸಣ್ಣ ಶಾಲೆಗೆ ಆ ಸಂಪರ್ಕ ಎಂಬುದು ಆಫೀಸಿನ ಗೋಡೆಗೆ ಅಂಟಿಸಿದ ಒಂದು ಫೋನ್ ನಂಬರಾಗಿ ಉಳಿಯದಂತೆ ನೋಡಿಕೊಳ್ಳುವವರು ಯಾರು?

ಇದಕ್ಕೆ ಉತ್ತರವನ್ನು ಸರಕಾರದಿಂದ ಮಾತ್ರ ನಿರೀಕ್ಷಿಸುವುದು ಸರಿಯಲ್ಲ. ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ನಮಗೆ ಎಷ್ಟು ಸಂಘಗಳಿವೆ! ಜಾತಿಗೊಂದು, ಜಿಲ್ಲೆಗೊಂದು, ಕೆಲವೊಮ್ಮೆ ಊರಿಗೊಂದು. ಹಗಲು ಹೋಟೆಲಿನಲ್ಲಿ ದುಡಿದು ದಣಿದ ಹುಡುಗರಿಗೆ ರಾತ್ರಿ ಶಾಲೆಗಳನ್ನು ತೆರೆದು ಅಕ್ಷರ ಕಲಿಸಿದ್ದು ಇಂಥ ಸಂಘಗಳೇ. ಮನೆ ಬಿಟ್ಟು ಓಡಿಬಂದ, ಅಮ್ಮನ ಮುಖ ಕಾಣದೆ ವರ್ಷಗಳಾದ ಆ ಹುಡುಗರನ್ನು ಅಂದಿನ ಮಾಸ್ತರರು ಹೇಗೆ ಸಂಭಾಳಿಸುತ್ತಿದ್ದರು ಎಂಬುದನ್ನು ಕೇಳಿ ತಿಳಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಇಂದು ಅದೇ ಸಂಘಗಳು ಸೆಪ್ಟೆಂಬರ್ 5ರಂದು ನಮಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತವೆ. ನನ್ನ ಬೀರುವಿನಲ್ಲಿ ಅಂಥ ಹದಿನಾಲ್ಕು ಶಾಲುಗಳಿವೆ. ಮುಂಬಯಿಯ ಸೆಕೆಯಲ್ಲಿ ಅವನ್ನು ಹೊದೆಯುವ ದಿನ ಒಂದೂ ಬಂದಿಲ್ಲ. ಆ ಹಣವನ್ನು ಒಟ್ಟುಗೂಡಿಸಿ, ಮನಃಶಾಸ್ತ್ರ ಅಥವಾ ಸಮಾಜಕಾರ್ಯ ಓದಿದ, ಕನ್ನಡ ಮಾತಾಡುವ ಇಬ್ಬರನ್ನು ಸಂಬಳ ಕೊಟ್ಟು ನೇಮಿಸಿ, ವಾರಕ್ಕೆ ಒಂದೊಂದು ಶಾಲೆಗೆ ಒಂದು ದಿನದಂತೆ ಕಳಿಸಲು ಸಾಧ್ಯವಿಲ್ಲವೇ? ಇಬ್ಬರಲ್ಲಿ ಒಬ್ಬರಿಗೆ ಕಲಬುರಗಿ ಕಡೆಯ ಮಾತು, ಇನ್ನೊಬ್ಬರಿಗೆ ತುಳು ಬಂದರೆ ಇನ್ನೂ ಒಳಿತು. ನಮ್ಮ ಮಕ್ಕಳು ಓದಿ ದೊಡ್ಡ ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ ಇಂಥ ಕೆಲಸದಲ್ಲೇ ಇದ್ದಾರೆ. ಯಾರೂ ಅವರನ್ನು ಕರೆದಿಲ್ಲ, ಅಷ್ಟೇ.

ಮುಖ್ಯೋಪಾಧ್ಯಾಯರ ಸಂಗತಿಗೆ ಮರಳುವೆನೆಂದು ಹೇಳಿದ್ದೆ. ಅಂದು ಅವರು ನನ್ನ ಪೀರಿಯಡ್ಡು ತೆಗೆದುಕೊಳ್ಳದೆ, 'ತರಗತಿ ಬಿಟ್ಟು ಇಲ್ಲೇನು ಹರಟೆ' ಎಂದು ಗದರಿದ್ದರೆ ಆ ಹುಡುಗನ ಮಾತು ಅಲ್ಲಿಗೇ ನಿಲ್ಲುತ್ತಿತ್ತು, ನಾನೂ ಮತ್ತೆ ಆ ಸಾಹಸಕ್ಕೆ ಹೋಗುತ್ತಿರಲಿಲ್ಲ. ಶಿಕ್ಷಕರು ಮಕ್ಕಳ ಸೇವೆ ಮಾಡಬೇಕೆಂದು ಉಪದೇಶಿಸುವವರು ಶಿಕ್ಷಕರ ಸೇವೆ ಯಾರು ಮಾಡುತ್ತಾರೆ ಎಂದು ಕೇಳಿಕೊಳ್ಳುವುದು ಅಪರೂಪ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೂ ಶಿಕ್ಷಕರನ್ನು ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಸೆಕ್ಷನ್ ಹೇಳುತ್ತದೆ. ಆ ಮೂರೇ ಸಾಲದೆ, ಬಗೆಬಗೆಯ ಆನ್‌ಲೈನ್ ಮಾಹಿತಿ ತುಂಬುತ್ತಾ ಮೊಬೈಲಿನ ಮೇಲೆ ಬಾಗಿದ ಶಿಕ್ಷಕಿಗೆ ಎದುರಿನ ಮಗುವಿನ ಮುಖ ಬಾಡಿರುವುದು ಎಲ್ಲಿಂದ ಕಾಣಬೇಕು? ದಿನವಿಡೀ ಇತರರ ನೋವು ಕೇಳುವವರ ಒಳಗೂ ಅದು ಇಳಿಯುತ್ತದೆ. ಹುಡುಗರ ಕೋಣೆ ಗುಡಿಸಿದ, ರೋಗಿಗಳ ಪಕ್ಕ ಕೂತ ಸಾನೆ ಗುರೂಜಿ 1950ರ ಜೂನ್ 11ರಂದು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು ಎಂಬುದನ್ನು ಅವರ ಜಯಂತಿಯ ಭಾಷಣಗಳಲ್ಲಿ ಬಹುತೇಕ ಯಾರೂ ಹೇಳುವುದಿಲ್ಲ. ಅದರ ಕಾರಣಗಳನ್ನು ವಿವರಿಸುವ ಯೋಗ್ಯತೆ ನನಗಿಲ್ಲ. ಎಲ್ಲರ ಆರೈಕೆ ಮಾಡುವವರಿಗೂ ಆರೈಕೆ ಬೇಕು ಎಂದು ಹೇಳಲು ಮಾತ್ರ ಅವರನ್ನು ನೆನೆದೆ.

ಹಾಗಾಗಿ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ತರಗತಿ ಶಿಕ್ಷಕರಿಗೆ ದಿನಕ್ಕೆ ಇಪ್ಪತ್ತು ನಿಮಿಷವಾದರೂ ಪಾಠವೂ ಕಾಗದಪತ್ರವೂ ಇಲ್ಲದ ಬಿಡುವು ಕೊಡಿ, ಆ ಹೊತ್ತಿನಲ್ಲಿ ಅವರು ಯಾವ ಮಗುವಿನ ಜೊತೆ ಕೂತರು ಎಂದು ವರದಿ ಕೇಳಬೇಡಿ. ತಿಂಗಳಿಗೊಮ್ಮೆ ಶಿಕ್ಷಕರೂ ಮೌಶಿಯೂ ವಾಚ್‌ಮನ್ನರೂ ಒಟ್ಟಿಗೆ ಕೂತು, ಅಂಕಗಳ ಮಾತೆತ್ತದೆ, ಯಾವ ಮಗು ಮೊದಲಿನಂತಿಲ್ಲ ಎಂಬುದನ್ನಷ್ಟೇ ಮಾತಾಡಲಿ. ಗೇಟಿನಲ್ಲಿ ನಿಲ್ಲುವವರಿಗೆ ಕಾಣುವುದು ಕರಿಹಲಗೆಯ ಮುಂದೆ ನಿಲ್ಲುವವರಿಗೆ ಕಾಣುವುದಿಲ್ಲ. ಕೇಂದ್ರ ಸರಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ನಡೆಯುತ್ತಿದೆ, ಕನ್ನಡವೂ ಸೇರಿ ಇಪ್ಪತ್ತು ಭಾಷೆಗಳಲ್ಲಿ ಅಲ್ಲಿ ಮಾತಾಡಬಹುದು, ಕರೆಗೆ ಹಣವಿಲ್ಲ. ಅಪಾಯದಲ್ಲಿರುವ ಮಕ್ಕಳಿಗೆ 1098 ಇದೆ. ಈ ಎರಡು ಸಂಖ್ಯೆಗಳನ್ನು ಕನ್ನಡ ಅಂಕಿಯಲ್ಲೂ ಇಂಗ್ಲಿಷ್ ಅಂಕಿಯಲ್ಲೂ ದಪ್ಪಗೆ ಬರೆದು ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿ. ಆಫೀಸಿನ ಎದುರು ನಿಂತು ಯಾವ ಮಗುವೂ ಅದನ್ನು ಬರೆದುಕೊಳ್ಳುವುದಿಲ್ಲ.

ಪತ್ರ ಬರೆದ ಓದುಗರಿಗೆ ನನ್ನದೊಂದು ವಿನಂತಿ. ಬೆತ್ತ ತಿಂದೇ ನಾವು ಮನುಷ್ಯರಾದೆವು ಎಂದು ಅವರು ಬರೆದಿದ್ದಾರೆ. ಹಾಗೆ ಬೆತ್ತ ತಿಂದು ಶಾಲೆ ಬಿಟ್ಟು ಓಡಿಹೋದ ಸಹಪಾಠಿಗಳು ಅವರ ತರಗತಿಯಲ್ಲೂ ಇದ್ದಿರಬೇಕು, ಪತ್ರಿಕೆಗೆ ಪತ್ರ ಬರೆಯುವಷ್ಟು ಓದು ಅವರಿಗೆ ಸಿಗಲಿಲ್ಲ. ಅವರಲ್ಲಿ ಒಬ್ಬರನ್ನಾದರೂ ಹುಡುಕಿ ಮಾತಾಡಿಸಿದರೆ ಆ ಪತ್ರಕ್ಕೆ ಎರಡನೆಯ ಕಂತು ಬರೆಯಬಹುದು, ಅದನ್ನೂ ನಾನು ಎರಡು ಸಲ ಓದುತ್ತೇನೆ.

ಸಂಘಗಳು ಒಂದಾಗಿ ಸಮಾಲೋಚಕರನ್ನು ನೇಮಿಸುವವರೆಗೆ ಕಾಯುವ ವಯಸ್ಸು ನನ್ನದಲ್ಲ. ಮನೋವೈದ್ಯೆಯೂ ನಾನಲ್ಲ, ಆ ಕೆಲಸ ಬಲ್ಲವರಿಗೇ ಇರಲಿ. ಆದರೆ ಡೊಂಬಿವಲಿಯಿಂದ ದಾದರದವರೆಗಿನ ಯಾವುದೇ ಕನ್ನಡ ಶಾಲೆಯ ಶಿಕ್ಷಕಿ ಒಂದು ಮಗುವಿನ ಜೊತೆ ಕೂರಬೇಕೆಂದಿದ್ದು ಅದಕ್ಕೆ ಪುರುಸೊತ್ತಿಲ್ಲದಿದ್ದರೆ, ಆಕೆಯ ತರಗತಿಯನ್ನು ಮಂಗಳವಾರ ಮತ್ತು ಶುಕ್ರವಾರ ನಾನು ತೆಗೆದುಕೊಳ್ಳುತ್ತೇನೆ. ಏಳನೆಯ ತರಗತಿಯವರೆಗಿನ ಗಣಿತ, ಹತ್ತರವರೆಗಿನ ಕನ್ನಡ ಇನ್ನೂ ಕೈಯಲ್ಲಿದೆ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿ ಇದೆ, ಕೇಳಿದವರಿಗೆ ದಯವಿಟ್ಟು ಕೊಡಿ. ಲೋಕಲ್ ರೈಲಿನ ಪಾಸು ನನ್ನ ಖರ್ಚಿನದೇ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ಡೊಂಬಿವಲಿ ಪೂರ್ವ